ಎರಡಿಂಚು ಒಳಗ ಬಿಟ್ಟು

ರಾತ್ರಿ ಹತ್ತೂವರಿಗೆ, ಮಷೀನು ತಣ್ಣಗಾದ ಮ್ಯಾಲೆ,
ಶೇಟು ಬ್ಯಾಡಂದ ಒಂದು ಜೀನ್ಸ್ ತುಂಡು ಹಾಸಿ
ಮಾರ್ಕಿಂಗ್ ಚಾಕಿನಾಗ ಮನಿ ಬರದೆ.
ಒಂದಡಿಗೆ ಒಂದಿಂಚು.
ಇಪ್ಪತ್ತು ಮೂವತ್ತರ ಸೈಟು
ಒಂದು ಪ್ಯಾಂಟಿಗೆ ಬೇಕಾದಷ್ಟೂ ಬಟ್ಟಿ ಹಿಡೀಲಿಲ್ಲ.

ಅಮಾಸಿ ದಿನ ಮೇಸ್ತ್ರಿ ಗಾದಿಲಿಂಗಪ್ಪ ಬಂದ,
ಅವತ್ತು ಅವನೂ ಕರಣಿ ಮುಟ್ಟಂಗಿಲ್ಲ.
ಬಟ್ಟಿ ಮ್ಯಾಲಿನ ಗೆರಿ ನೋಡಿ ನಗಲಿಲ್ಲ,
ಅದಕ್ಕ ಅವಗ ಎರಡನೇ ಚಾ ಕೊಟ್ಟೆ.
"ಸೈಟು ಆರು ಚದರ ಐತಮ್ಮ,
ನಿಮ್ಮ ರೊಕ್ಕ ಮೂರೇ ಚದರ ಐತಿ."
ಉಳಿದ ಮೂರು ಚದರ
ಬಳ್ಳಾರಿ ಬಿಸಿಲಿಗೆ ಬಾಡಿಗಿ ಇಲ್ದಂಗ ಬಿಟ್ಟಿವಿ.

ನನ್ನ ಲೆಕ್ಕ ಜಿಪ್ಪಿನ ಲೆಕ್ಕ.
ಒಂದು ಜಿಪ್ಪು ಕೂಡಿಸಿದರ ನಾಕು ರೂಪಾಯಿ.
ಸಿಮೆಂಟಿನ ಚೀಲ ನೂರು ಜಿಪ್ಪು,
ಬಾಗಲ ಚೌಕಟ್ಟು ಒಂದೂವರಿ ಸಾವಿರ.
ಎಷ್ಟು ಗಂಡಸರ ಮಾನ ಮುಚ್ಚಿದ ಮ್ಯಾಲೆ
ನನಗೊಂದು ಬಾಗಲ ಮುಚ್ಚಾಕ ಸಿಗತೈತಿ ಅಂತ
ಇವರ ಮುಂದ ಅಂದೆ.
ಲಗೇಜ್ ಆಟೋದ ಎಣ್ಣಿ ಕೈಯಾಗ ಬಾಯಿ ಮುಚ್ಚಿಕೊಂಡು
ಇವರು ನಕ್ಕಿದ್ದೇ ನಕ್ಕಿದ್ದು.

ಮೊದಲು ಅಳಿಸಿದ್ದು ಮುಂದಿನ ಪಡಸಾಲಿ.
ಆಮ್ಯಾಲೆ ಎರಡನೇ ರೂಮು. ಅದನ್ನ ಅಳಿಸೋ ಮುಂದ
ಚಾಕು ಹೋಯ್ತು, ಕಲಿ ಹೋಗಲಿಲ್ಲ,
ನೀಲಿ ಬಟ್ಟಿ ಮ್ಯಾಲೆ ಬೂದಿ ಉಜ್ಜಿದಂಗ ಉಳೀತು.
ಮೆಟ್ಟಲು ಹೊರಗ ಹಾಕಿ,
ಅದರ ಹೊಟ್ಟಿ ಕೆಳಗ ನನ್ನ ಮಷೀನು ತೂರಿಸಿದೆ.
ನಿಂತರ ತಲಿ ಬಡೀತೈತಿ ಅಂದ ಮೇಸ್ತ್ರಿ.
ಹೊಲಿಯಾಕಿ ಯಾವಾಗ ನಿಂತಾಳ?

ಮುಬೀನಾಗ ಕಿಟಕಿ ಬೇಕು.
ಮಲಗಿದಲ್ಲಿಂದ ಕೋಟಿ ಗುಡ್ಡ ಕಾಣಬೇಕು ಆಕಿಗೆ.
"ಕಿಟಕಿ ಅಂದ್ರ ಗ್ವಾಡಿಗಿಂತ ತುಟ್ಟಿ," ಅಂದ ಗಾದಿಲಿಂಗಪ್ಪ,
ಇಟ್ಟಂಗಿ ಇಲ್ಲದ ಜಾಗಕ್ಕ ಇಟ್ಟಂಗಿಗಿಂತ ಜಾಸ್ತಿ ರೊಕ್ಕ!
ನನಗ ಗೊತ್ತೈತಿ, ಕಿಸೆ ಹಂಗ,
ಖಾಲಿ ಜಾಗಕ್ಕೇ ಹೊಲಿಗಿ ಜಾಸ್ತಿ.
"ಆ ಕಡಿ ಸೈಟಿನವರು ನಾಳೆ ಕಟ್ಟಿದರ
ಗುಡ್ಡ ಹೋತು, ಅವರ ಬಚ್ಚಲ ಗ್ವಾಡಿ ಬಂತು."
"ಅಲ್ಲಿತನ ನೋಡ್ತೀನಿ," ಅಂದಳು ನನ್ನ ಮಗಳು,
ಹತ್ತು ವರ್ಷದಾಕಿ.
ಕಿಟಕಿ ಬರದೆ.

ಅತ್ತಿ ಹುಸೇನಮ್ಮ ಅಲ್ಲೀತನ ಮಾತಾಡಿದ್ದಿಲ್ಲ.
ಗ್ವಾಡಿಗೆ ಆತು ಕುಂತು ಅಡಕಿ ಕತ್ತರಸ್ತಿದ್ಲು.
"ಬಾಗಲ ಎಷ್ಟು ಅಗಲ?"
ಮೂರಡಿ ಅಂದೆ.
"ಸಾಲಂಗಿಲ್ಲ. ನನ್ನ ಒಯ್ಯೋ ಮುಂದ ಓರಿ ಮಾಡಬ್ಯಾಡ್ರಿ.
ನಿಮ್ಮ ಮಾವನ್ನ ಈ ಬಾಡಿಗಿ ಮನಿ ಮೆಟ್ಟಲದಾಗ
ಬೀರು ಇಳಿಸಿದಂಗ ಓರಿ ಮಾಡಿ ಇಳಿಸಿದ್ರು."
ಚಾ ಕಪ್ಪು ಕೆಳಗಿಟ್ಟ ಮೇಸ್ತ್ರಿ.
"ಆರಿಂಚು ಜಾಸ್ತಿ ಮಾಡಿದರ ಎಂಟುನೂರು ಏರತೈತಿ."
ಎರಡು ನೂರು ಜಿಪ್ಪು.
ಮಾಡ್ರಿ ಅಂದೆ.
ಅತ್ತಿ ಒಂದು ಅಡಕಿ ಹೋಳು ಮೇಸ್ತ್ರಿ ಕೈಗೆ ಹಾಕಿದಳು,
ಮುಂಗಡ ಕೊಟ್ಟಂಗ.

ಕಂಬಿ ಮಾತ್ರ ಕಡಿಯಬ್ಯಾಡ್ರಿ ಅಂತ ನಾನೇ ಹೇಳಿದೆ.
ಮಾಳಿಗಿ ಮ್ಯಾಲೆ ಮೂರು ಮೂರಡಿ ಎದ್ದು ನಿಂತಿರಲಿ,
ತುಕ್ಕು ಹಿಡಿದರ ಹಿಡೀಲಿ, ನೀರಿನ ಬಾಟ್ಲಿ ಬೋರಲ ಹಾಕ್ತೀನಿ.
ಬೆಳೆಯೋ ಹುಡುಗರ ಪ್ಯಾಂಟಿನಾಗ
ಮಡಿಕಿ ಒಳಗ ಎರಡಿಂಚು ಬಿಡೋದು ನನ್ನ ರೂಢಿ.
ಯಾರಿಗೂ ಕಾಣಂಗಿಲ್ಲ ಅದು,
ಬಿಚ್ಚಿದ ದಿನ ಅದರ ಬಣ್ಣ ಮಾತ್ರ ಹೊಸಾದಿರತೈತಿ.

ಮರುದಿನ ಬೆಳಕು ಹರಿಯೋ ಮುಂದ ಸೈಟಿಗೆ ಹೋದಿವಿ.
ನನ್ನ ಟೇಪು ಬರೇ ಅರವತ್ತು ಇಂಚು,
ಉದ್ದಕ್ಕ ಆರು ಸಲ ಹಾಸಬೇಕು, ಅಡ್ಡಕ್ಕ ನಾಕು ಸಲ.
ಒಂದು ತುದಿ ಇವರ ಕೈಯಾಗ, ಒಂದು ತುದಿ ನನ್ನ ಕೈಯಾಗ,
ನಡುವ ಜಾಲಿ ಮುಳ್ಳು, ಯಾರದೋ ಒಂದು ಹವಾಯಿ ಚಪ್ಪಲಿ.
ಐದನೇ ಸಲಕ್ಕ ಲೆಕ್ಕ ತಪ್ಪಿತು.
"ಮತ್ತ ಮೊದಲಿಂದ," ಅಂದ್ರು ಇವರು.